ಒಂಬತ್ತು ಸೋಮವಾರ

ಕಾಲೊನಿಯ ಮಕ್ಕಳಿಂದ ಹಿಡಿದು ಅಂಚೆಯವನವರೆಗೆ ಎಲ್ಲರ ಬಾಯಲ್ಲೂ ಅವನು ಅರ್ಧಸುತ್ತಪ್ಪ. ಮೂವತ್ತಾರು ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒಂದು ಉಕ್ಕಿನ ದಿಂಡನ್ನು ಅರ್ಧ ಸುತ್ತು ತಿರುಗಿಸುವುದೇ ಕಸುಬಾದವನನ್ನು ಜನ ಇನ್ನೇನೆಂದು ಕರೆದಾರು? ಅವನಿಗೂ ಅದರ ಬೇಸರವಿರಲಿಲ್ಲ. "ಪೂರ್ತಿ ಸುತ್ತು ತಿರುಗಿಸೋರಿಗೆ ತಲೆ ತಿರುಗುತ್ತೆ, ನಂದು ಅರ್ಧಕ್ಕೇ ನಿಂತಿದೆ ಬಿಡಿ," ಎನ್ನುತ್ತಿದ್ದ.

ದಿಂಡು ಎಂದರೆ ಮನೆಯ ಮಾಡಿಗೆ ಹಾಕುವಂಥದ್ದಲ್ಲ. ಅಣು ವಿದ್ಯುತ್ ಸ್ಥಾವರದ ಟರ್ಬೈನಿನ ದಿಂಡು. ನೂರು ಟನ್ನಿಗೂ ಮೀರಿದ ಭಾರ. ಇಷ್ಟು ಭಾರದ್ದು ಒಂದೇ ಮಗ್ಗುಲಲ್ಲಿ ಬಹಳ ದಿನ ಬಿದ್ದಿದ್ದರೆ ತನ್ನ ತೂಕಕ್ಕೆ ತಾನೇ ನಡುವೆ ಬಾಗಿಬಿಡುತ್ತದೆ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವುದಿಲ್ಲವೇ, ಹಾಗೆ ಅದನ್ನೂ ವಾರಕ್ಕೊಮ್ಮೆ ಹೊರಳಿಸಬೇಕು. ಮೊದಲು ಬೇರಿಂಗುಗಳಿಗೆ ಎಣ್ಣೆ ಪಂಪು ಮಾಡಬೇಕು. ಆಮೇಲೆ ಪಕ್ಕದ ಹಲ್ಲುಗಾಲಿ ಪೆಟ್ಟಿಗೆಗೆ ಉದ್ದನೆಯ ಹಿಡಿಕೆ ಸಿಕ್ಕಿಸಿ ಎಳೆಯುತ್ತ ಹೋದರೆ, ಬೆವರು ಬೆನ್ನಿಂದ ಇಳಿದು ಚಡ್ಡಿ ಮುಟ್ಟುವ ಹೊತ್ತಿಗೆ ಅರ್ಧ ಸುತ್ತು. ಅದಾದ ಮೇಲೆ ಗೋಡೆಯ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೀಟು. ಹಲಗೆ ತುಂಬಿ ಗೋಡೆಗೇ ಕಪ್ಪು ಬಳಿದಾಯಿತು. ಗೋಡೆಯೂ ತುಂಬುತ್ತ ಬಂದಿತ್ತು.

ಆ ಸ್ಥಾವರವಾದರೂ ಒಂದು ದಿನ, ಒಂದು ದೀಪ ಹಚ್ಚಿದ್ದುಂಟೇ? ಇಲ್ಲ. ದೇಶಕ್ಕೆ ಅಣುವಿದ್ಯುತ್ತಿನ ಗಂಧಗಾಳಿಯೂ ಇಲ್ಲದ ಕಾಲದಲ್ಲಿ ದೊಡ್ಡವರು ಯಾರೋ ಆಸೆಪಟ್ಟು, ಹೊರದೇಶದವರ ಕೈಯಲ್ಲಿ ಕಟ್ಟಿಸಿದ್ದು. ಗೋಡೆ ಎದ್ದಿತು, ಯಂತ್ರ ಬಂತು, ದೀಪಗಳ ಫಲಕ ಕೂತಿತು. ಇನ್ನೇನು ಇಂಧನ ಬರಬೇಕು, ಸರ್ಕಾರ ಬಿತ್ತು. ಹೊಸದಾಗಿ ಬಂದವರು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸುಮ್ಮನಾದರು. "ಮುಂದಿನ ಆದೇಶದವರೆಗೆ ಸುಸ್ಥಿತಿಯಲ್ಲಿಡತಕ್ಕದ್ದು" ಎಂದು ಒಂದು ಕಾಗದ ಬಂತು. ಮುಂದಿನ ಆದೇಶ ಮೂವತ್ತಾರು ವರ್ಷ ದಾರಿಯಲ್ಲೇ ಇತ್ತು. ನಿವೃತ್ತಿಯ ವಯಸ್ಸು ದಾಟಿದರೂ, ಹಿಡಿಕೆ ಎಳೆಯುವ ಲೆಕ್ಕಾಚಾರ ಬೇರೆ ಯಾರಿಗೂ ತಿಳಿಯದ್ದರಿಂದ, ಅವನನ್ನೇ ವರ್ಷ ವರ್ಷ ಮುಂದುವರಿಸುತ್ತ ಬಂದರು.

ಹೆತ್ತವರಿಗೆ ಹೆಗ್ಗಣ ಮುದ್ದು. ಅರ್ಧಸುತ್ತಪ್ಪ ಆ ಯಂತ್ರದ ಮೈ ಒರೆಸುವುದನ್ನು ನೋಡಿದವರು ಹಾಗೇ ನಗುತ್ತಿದ್ದರು. ಅವನಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಮುಚ್ಚುವುದರೊಳಗೆ ಒಂದು ಸಲ ಆ ದಿಂಡು ತಾನಾಗಿ ತಿರುಗಬೇಕು, ಅದರ ಗುಂಯ್‌ಗುಡುವ ಸದ್ದನ್ನು ನೆಲದ ಮೂಲಕ ತನ್ನ ಅಂಗಾಲು ಕೇಳಬೇಕು.

ಆ ಸದ್ದಿನ ಕನಸು ಹತ್ತಿಸಿದ್ದು, ಯಂತ್ರದ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತದೆ ಎನ್ನುತ್ತಿದ್ದ ಹೊರದೇಶದ ಟೀಚರಮ್ಮ. ಆಗ ಅವನಿಗೆ ಇಪ್ಪತ್ತಾರು. ತರಬೇತಿಗೆಂದು ಇಲ್ಲಿಂದ ಹನ್ನೊಂದು ಜನ ಹೋಗಿದ್ದರು. ಎರಡು ವರ್ಷ. ಮೂರು ಕೋಣೆ, ನಾಲ್ಕು ಕೊಡೆ, ಒಂದೇ ಇಸ್ತ್ರಿಪೆಟ್ಟಿಗೆ. ಬೆಳಿಗ್ಗೆ ಅದಕ್ಕಾಗಿ ನಡೆಯುತ್ತಿದ್ದ ಜಗಳವನ್ನು ನೆನೆದರೆ ಈಗಲೂ ಅವನ ತುಟಿಯಂಚು ಸಡಿಲವಾಗುತ್ತಿತ್ತು. ತರಬೇತಿ ನಡೆಯುತ್ತಿದ್ದದ್ದು ಒಂದು ಸುಳ್ಳು ಕಂಟ್ರೋಲ್ ರೂಮಿನಲ್ಲಿ. ಫಲಕ, ದೀಪ, ಗುಂಡಿ ಎಲ್ಲ ನಿಜದಂತೆಯೇ, ಆದರೆ ಗೋಡೆಯಾಚೆ ಯಂತ್ರವಿಲ್ಲ. ತಪ್ಪು ಮಾಡಿದರೆ ಕೆಂಪು ದೀಪ ಹತ್ತುವುದಷ್ಟೇ. ಟೀಚರಮ್ಮ ಬೆಳ್ಳಿಕೂದಲಿನ ಗಟ್ಟಿಗಿತ್ತಿ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಟ್ಟು ಅದನ್ನೇ ಕೋಣೆಯೆಲ್ಲ ಹುಡುಕುವವಳು.

ದಿನಾ ಸಂಜೆ ನಾಲ್ಕಕ್ಕೆ ಅವಳು ಒಂದು ಮರದ ಕುರ್ಚಿಯನ್ನು ನಡುವೆ ಎಳೆದು ಹಾಕುತ್ತಿದ್ದಳು. ಒಬ್ಬೊಬ್ಬರೇ ಅದರಲ್ಲಿ ಕೂತು ಆ ದಿನ ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಮೊದಲ ವಾರ ಹನ್ನೊಂದು ಜನರದೂ ಒಂದೇ ಪಾಠ: "ಏನೂ ಆಗಿಲ್ಲ, ಎಲ್ಲ ಸರಿಯಾಗಿತ್ತು." ಇನ್ನೇನು ಹೇಳಿಯಾರು? ಹುಟ್ಟಿದಾಗಿನಿಂದ ಮನೆಯಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ಕಲಿತದ್ದು ಅದನ್ನೇ. ತಪ್ಪು ಒಪ್ಪಿಕೊಂಡವನ ಬೆನ್ನಿಗೆ ಏಟು, ಮುಚ್ಚಿಟ್ಟವನಿಗೆ ಜಾಣನೆಂಬ ಹೆಸರು. ಟೀಚರಮ್ಮ ಬೈಯಲಿಲ್ಲ. ತಾನೇ ಕುರ್ಚಿಯಲ್ಲಿ ಕೂತು, ಮನೆಗೆ ಬೀಗ ಹಾಕಿದ್ದೆನೋ ಇಲ್ಲವೋ ಎಂದು ಯೋಚಿಸುತ್ತ ಒಂದು ಮಾಪಕದ ಬದಲು ಪಕ್ಕದ್ದನ್ನು ಓದಿ ಬರೆದಿದ್ದನ್ನು ಹೇಳಿದಳು. ಆಮೇಲೆ, "ಯಂತ್ರಕ್ಕೆ ನಾನು ಹೆದರಲ್ಲ. ತಪ್ಪೇ ಮಾಡದ ಮನುಷ್ಯ ಇದಾನಲ್ಲ, ಅವನನ್ನ ಕಂಡ್ರೆ ಹೆದರ್ತೀನಿ," ಎಂದಳು. ಎಂಟನೆಯ ದಿನ ಅರ್ಧಸುತ್ತಪ್ಪ ಎದ್ದು ಹೋಗಿ ಕೂತ. ಯಾರೂ ನೋಡದಾಗ ತಪ್ಪು ವಾಲ್ವು ಮುಚ್ಚಿ, ಮತ್ತೆ ತೆರೆದದ್ದನ್ನು ಹೇಳಿದ. ಕಿವಿ ಬಿಸಿಯಾಗಿತ್ತು. ಟೀಚರಮ್ಮ ಕೈಕುಲುಕಿ ಡಬ್ಬಿಯಿಂದ ಎರಡು ಬಿಸ್ಕತ್ತು ಕೊಟ್ಟಳು. ಮಾರನೆಯ ದಿನದಿಂದ ಬಿಸ್ಕತ್ತಿಗಾಗಿ ತಪ್ಪು ಹುಡುಕುವವರೇ ಹುಡುಕುವವರು.

ಅಷ್ಟು ಹಗುರಾಗಿ ಅವನು ಮುಂದೆ ಎಂದೂ ಬದುಕಲಿಲ್ಲ.

ಊರಿಗೆ ಬಂದ ಮೇಲೆ ಇಲ್ಲಿಯೂ ಕ್ಯಾಂಟೀನಿನಿಂದ ಒಂದು ಮರದ ಕುರ್ಚಿ ತಂದರು. ನಾಲ್ಕು ತಿಂಗಳು ನಡೆಯಿತು. ಆಮೇಲೆ ಬಂದ ಹೊಸ ಮ್ಯಾನೇಜರು ಬಾಗಿಲ ಬಳಿ ನಿಂತು ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ. ಆ ವರ್ಷ ಹೆಚ್ಚು ತಪ್ಪು ಹೇಳಿದ ಮೂವರಿಗೆ ಬಡ್ತಿ ತಪ್ಪಿತು. ಮರುದಿನ ನಾಲ್ಕಕ್ಕೆ ಎಲ್ಲರದೂ ಮತ್ತೆ ಹಳೇ ರಾಗ, "ಎಲ್ಲ ಸರಿಯಾಗಿತ್ತು." ಕುರ್ಚಿ ಉಗ್ರಾಣದ ಬಾಗಿಲು ಮುಚ್ಚದಂತೆ ತಡೆಯುವ ಕೆಲಸಕ್ಕೆ ಬಿತ್ತು. ಸ್ಥಾವರದ ಕೆಲಸ ನಿಂತ ಮೇಲೆ ಕಲಿತವರೆಲ್ಲ ಒಬ್ಬೊಬ್ಬರಾಗಿ ಬೇರೆ ದೇಶಗಳ ಸ್ಥಾವರಗಳಿಗೆ ಹೋದರು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂದಾದಾಗ ಹಲ್ಲಾದರೂ ಇಲ್ಲೇಕೆ ಕೂರಬೇಕು? ಅರ್ಧಸುತ್ತಪ್ಪನೊಬ್ಬ ಉಳಿದ.

ಹೆಂಡತಿ ಯಂತ್ರವನ್ನು ಕರೆಯುತ್ತಿದ್ದದ್ದು ಸವತಿ ಎಂದು. "ಸವತಿ ಮನೆಗೆ ಹೊರಟ್ರಾ?" ಎಂದು ಸೋಮವಾರ ಬೆಳಿಗ್ಗೆ ಬುತ್ತಿ ಕೈಗಿಡುವಳು. ಮಾತಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಬಾಯಲ್ಲಿ ಎಳ್ಳೂ ನೆನೆಯದು. ಆದರೆ ಆ ತಮಾಷೆಯೊಳಗೆ ಒಂದು ಮುಳ್ಳಿತ್ತು, ಇಪ್ಪತ್ತೆರಡು ವರ್ಷದ್ದು. ಆಗ ಅವಳ ಹೊಟ್ಟೆಯೊಳಗೆ ಕೀವಾಗಿ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಒಂಬತ್ತು ವಾರ ಇದ್ದಳು. ಹೊರಗಿನವರನ್ನು ಒಳಗೆ ಬಿಡದ ವಾರ್ಡು. ಅವಳಿಗೂ ಪೂರ್ತಿ ಎಚ್ಚರವಿರುತ್ತಿರಲಿಲ್ಲ. ಬದುಕಿ ಮನೆಗೆ ಬಂದ ತಿಂಗಳಲ್ಲೇ ಪತ್ರಿಕೆಯಲ್ಲಿ ಗಂಡನ ಚಿತ್ರ ಬಂತು, ಗೀಟುಗಳ ಗೋಡೆಯ ಮುಂದೆ. "ಒಂದು ಸೋಮವಾರವೂ ತಪ್ಪಿಲ್ಲ" ಎಂದು ದಪ್ಪಕ್ಷರ.

"ನನ್ನ ಹೊಟ್ಟೆ ಕೊಯ್ದಿದ್ದು ಸೋಮವಾರ ಅಲ್ವೇನ್ರಿ?" ಎಂದು ಕೇಳಿದಳು.

"ಹೂಂ."

"ಅವತ್ತೂ ಹೋಗಿದ್ರಾ?"

ಅವನು ಪತ್ರಿಕೆ ಮಡಿಸಿದ. "ಹೂಂ," ಎಂದ.

ಅವನು ಹೋಗಿರಲಿಲ್ಲ. ಆ ಒಂಬತ್ತು ವಾರದಲ್ಲಿ ಒಂದು ಸೋಮವಾರವೂ ಹೋಗಿರಲಿಲ್ಲ. ವಾರ್ಡಿನ ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂತಿದ್ದ. ಮರಳಿ ಬಂದಾಗ ಗೋಡೆಯ ಮೇಲೆ ಒಂಬತ್ತು ಖಾಲಿ ಜಾಗ. ಎರಡು ದಿನದಲ್ಲಿ ಮೇಲಿನವರು ತನಿಖೆಗೆ ಬರುವವರಿದ್ದರು. ಯಂತ್ರ ಕೆಟ್ಟಿತೆಂದು ಬರೆದರೆ ಗೇಟಿಗೆ ಬೀಗ, ಅಲ್ಲಿಗೆ ಎಲ್ಲ ಮುಗಿಯಿತು. ಕುಂಚ ಅದ್ದಿ ಒಂಬತ್ತು ಗೀಟನ್ನೂ ಒಟ್ಟಿಗೆ ಎಳೆದುಬಿಟ್ಟ. ಗೇಟಿನ ಕಾವಲಿನವನಿಗೆ ಗೊತ್ತಿತ್ತು. ಅವನು ತುಟಿ ಬಿಚ್ಚದೆ ಇದ್ದು, ಹಾಗೇ ಕಾಲವಾದ. ಹೆಂಡತಿಗೆ ಹೇಳೋಣವೆಂದರೆ ಸಂಜೆಯೊಳಗೆ ಕಾಲೊನಿಗೆಲ್ಲ ಗೊತ್ತಾದೀತು. ಹೀಗೆ ಅವನ ಒಳ್ಳೆಯತನವೂ ಕಳ್ಳತನವೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡವು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ನೆಂಟರ ಮುಂದೆ, "ನಾನು ಸಾಯ್ತಾ ಬಿದ್ದಿದ್ರೂ ಇವರಿಗೆ ಸೋಮವಾರ ಸೋಮವಾರವೇ," ಎಂದು ನಕ್ಕಾಗಲೆಲ್ಲ ಅವನು ತಟ್ಟೆ ನೋಡುತ್ತಿದ್ದ.

ಅವನ ಅರವತ್ತೇಳನೆಯ ವರ್ಷಕ್ಕೆ ಮುಂದಿನ ಆದೇಶ ಬಂತು. ದೇಶಕ್ಕೆ ವಿದ್ಯುತ್ತು ಸಾಲದು, ಹಳೆಯದನ್ನು ಚಾಲೂ ಮಾಡಿ ಪಕ್ಕದಲ್ಲಿ ಹೊಸ ಎರಡನ್ನು ಕಟ್ಟಬಹುದೇ ಎಂದು ನೋಡಲು ಒಂದು ಸಮಿತಿ. ಅಧ್ಯಕ್ಷೆ ಚುರುಕಿನ ಹೆಂಗಸು. ಯಂತ್ರಶಾಲೆಗೆ ಬಂದವರು ಗೀಟುಗಳ ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಅನುಭವ ಇಲ್ಲದ ದೇಶ ಅಂತ ಎಲ್ಲರೂ ನಮ್ಮನ್ನ ಹೀಯಾಳಿಸ್ತಾರೆ. ಮೂವತ್ತಾರು ವರ್ಷ ಒಂದು ವಾರ ತಪ್ಪಿಸದೆ ಕಾದಿದೀವಲ್ಲ, ಇದಕ್ಕಿಂತ ಶಿಸ್ತು ಬೇಕಾ?" ಎಂದರು. "ನಾಳೆ ಸಭೆಯಲ್ಲಿ ಇದನ್ನ ನಿಮ್ಮ ಬಾಯಲ್ಲೇ ಹೇಳಿ ಯಜಮಾನರೇ. ನೀವು ಹೇಳಿದ್ರೆ ಇದು ತಿರುಗುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅರ್ಧಸುತ್ತಪ್ಪ ತನಗೆ ಗೊತ್ತಿಲ್ಲದೆಯೇ ಗೋಡೆಗೂ ಅಧ್ಯಕ್ಷೆಗೂ ನಡುವೆ ಬಂದು ನಿಂತಿದ್ದ.

ಸಭೆ ಮಾರನೆಯ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ. ಕಾಲೊನಿಯೆಲ್ಲ ಬಂದಿತ್ತು. ಎರಡನೆಯ ಸಾಲಿನಲ್ಲಿ ಹೆಂಡತಿ, ಒಳ್ಳೆಯ ಸೀರೆ ಉಟ್ಟು. ಬೇಕು ಎನ್ನುವವರು ಕತ್ತಲೆಯ ಮಾತಾಡಿದರು, ಬೇಡ ಎನ್ನುವವರು ವಿಷದ ಮಾತಾಡಿದರು, ಇಬ್ಬರಲ್ಲೂ ಯಂತ್ರವನ್ನು ಮುಟ್ಟಿದವರಿರಲಿಲ್ಲ. ಅವನ ಸರದಿ ಬಂದಾಗ ಅವನು, "ಒಂದು ನಿಮಿಷ," ಎಂದು ಹೊರಗೆ ಹೋದ. ಉಗ್ರಾಣದ ಬಾಗಿಲಿಗೆ ಕೊಟ್ಟಿದ್ದ ಮರದ ಕುರ್ಚಿಯನ್ನು ಹೊತ್ತು ತಂದು ನಡುವೆ ಇಟ್ಟು ಕೂತ. ಹಿಂದಿನ ಸಾಲಿನವರು ನಕ್ಕರು. ಕಿವಿ ಮತ್ತೆ ಬಿಸಿಯಾಗಿತ್ತು, ಇಪ್ಪತ್ತಾರರಲ್ಲಿ ಆದಂತೆಯೇ.

"ಆ ಗೋಡೆ ಮೇಲೆ ಒಂಬತ್ತು ಗೀಟು ಸುಳ್ಳು," ಎಂದ.

ಅವನು ವರ್ಷ ಹೇಳಿದ, ತಿಂಗಳು ಹೇಳಿದ. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು.

"ಆ ವಾರಗಳಲ್ಲಿ ಎಲ್ಲಿದ್ರಿ?"

"ಆಸ್ಪತ್ರೆ ಬೆಂಚಿನ ಮೇಲಿದ್ದೆನಮ್ಮ. ನಮ್ಮನೆಯವಳು ಒಳಗಿದ್ಲು. ಒಂದು ಸೋಮವಾರವೂ ಬರಲಿಲ್ಲ. ಆಮೇಲೆ ಬಂದು ಒಟ್ಟಿಗೆ ಗೀಟು ಹಾಕಿದೆ."

ಅವನು ಎರಡನೆಯ ಸಾಲಿನತ್ತ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಸಮಿತಿಯ ಚಿಕ್ಕ ವಯಸ್ಸಿನ ಎಂಜಿನಿಯರು ಸಮಾಧಾನಕ್ಕೆಂಬಂತೆ, "ಅದೇನು ದೊಡ್ಡದಲ್ಲ ಬಿಡಿ. ದಿಂಡು ಬಾಗಿದೆಯಾ ಅಂತ ಅಳೆದು ನೋಡಿದ್ರಾಯ್ತು," ಎಂದ.

"ದಿಂಡನ್ನ ಅಳೀಬಹುದಪ್ಪ. ಗೀಟು ಹಾಕಿದವನನ್ನ ಅಳೆಯೋಕೆ ಯಾವ ಮಾಪಕ ತರ್ತೀಯಾ? ನಾನು ಕಳ್ಳ ಅಲ್ಲ, ಸೋಮಾರಿ ಅಲ್ಲ. ಈ ಯಂತ್ರಾನ ನನ್ನಷ್ಟು ಪ್ರೀತಿ ಮಾಡಿದವರು ಇಲ್ಲ. ಅಂಥ ನಾನೇ ಇಪ್ಪತ್ತೆರಡು ವರ್ಷ ಮುಚ್ಚಿಟ್ಟೆ. ಅವತ್ತು ಇದರ ಒಳಗೆ ಇಂಧನ ಇದ್ದಿದ್ರೆ?"

"ಹಾಗಾದ್ರೆ ಕಟ್ಟಲೇಬಾರದು ಅಂತೀರಾ?" ಎಂದರು ಅಧ್ಯಕ್ಷೆ.

"ಅದನ್ನ ಹೇಳೋಕೆ ನಾನ್ಯಾರು? ಇದು ತಿರುಗೋದು ನೋಡಬೇಕು ಅಂತ ನಂಗಿರೋ ಆಸೆ ನಿಮಗೆ ಯಾರಿಗೂ ಇಲ್ಲ. ಯಂತ್ರ ಹೊರಗಿಂದ ಬರುತ್ತೆ. ಈ ಕುರ್ಚಿ ಬರೋದಿಲ್ಲ. ಇದರಲ್ಲಿ ಕೂತು ತಪ್ಪು ಹೇಳಿದವನಿಗೆ ಬಡ್ತಿ ತಪ್ಪಿಸದೆ ಒಂದು ಹತ್ತು ವರ್ಷ ನಡೆಸಿ ತೋರಿಸಿ, ಯಾವ ಕಾರ್ಖಾನೆಯಲ್ಲಾದ್ರೂ ಸರಿ. ಆಮೇಲೆ ಕಟ್ಟಿ."

ಹಳೆಯ ಯಂತ್ರದ ಮಾತು ಅಲ್ಲಿಗೆ ಮುಗಿಯಿತು. ಆ ವಾರವೇ ಯಂತ್ರಶಾಲೆಯ ಬಾಗಿಲಿಗೆ ಅರಗಿನ ಮುದ್ರೆ ಬಿತ್ತು. ಹೊಸದರ ಮಾತು ಇನ್ನೂ ನಡೆದೇ ಇದೆ, ಅಡ್ಡಗೋಡೆಗಳಿಗೇನು ಬರವೇ. ಅದು ತಿರುಗುವ ಸದ್ದು ಅವನ ಅಂಗಾಲಿಗೆ ಕೇಳಲೇ ಇಲ್ಲ, ಅದಕ್ಕಾಗಿ ಅವನು ಸಂಕಟಪಟ್ಟದ್ದೂ ಸುಳ್ಳಲ್ಲ.

ಆದರೆ ಅವತ್ತಿನ ಮಧ್ಯಾಹ್ನ, ಸಭೆ ಮುಗಿದು ಗಂಡ ಹೆಂಡತಿ ಮನೆಗೆ ನಡೆದರು. ಕಾಲೊನಿಯ ಉದ್ದಕ್ಕೂ ಅವಳು ಒಂದು ಮಾತಾಡಲಿಲ್ಲ. ಇಂಥದ್ದು ಅವನ ಬಾಳಿನಲ್ಲಿ ನಡೆದದ್ದೇ ಇಲ್ಲ, ಅವನಿಗೆ ಭಯವಾಯಿತು. ಮನೆಗೆ ಬಂದು ಅವಳು ಟೀ ಕಾಸಿದಳು. ಎರಡು ಲೋಟ ಮೇಜಿನ ಮೇಲಿಟ್ಟು ಎದುರಿಗೆ ಕೂತಳು.

"ಯಾವ ಬೆಂಚು? ಮೆಟ್ಟಿಲ ಕೆಳಗಿಂದಾ?"

"ಹೂಂ."

"ಅದರದ್ದು ಒಂದು ಕಾಲು ಗಿಡ್ಡ."

"ಗಿಡ್ಡವೇ. ಕೂತ್ರೆ ಕಟಕಟ ಅಂತಿತ್ತು. ಬಸ್ಸಿನ ಚೀಟಿ ಮಡಿಸಿ ಅಡಿಗೆ ಕೊಟ್ಟಿದ್ದೆ."

ಅವಳು ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟಳು.

"ಮನೆಗೆ ಕಳಿಸಿದ ದಿನ ನೀವು ಗಾಡಿ ತರೋಕೆ ಹೋದಾಗ ನನ್ನ ಅದರ ಮೇಲೆ ಕೂರಿಸಿದ್ರು. ಹೊಲಿಗೆ ಇನ್ನೂ ಹಸಿ, ಸ್ವಲ್ಪ ಅಲುಗಾಡಿದ್ರೂ ಜೀವ ಹೋಗ್ತಿತ್ತು. ಬೆಂಚು ಅಲುಗಲಿಲ್ಲ. ಬಗ್ಗಿ ನೋಡಿದ್ರೆ ಕಾಲಿನ ಕೆಳಗೆ ಕಾಗದ." ಅವನ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು. "ಯಾರೋ ಪುಣ್ಯಾತ್ಮ, ಅವನ ಹೆಂಡತಿ ಅದೃಷ್ಟವಂತೆ ಅಂದ್ಕೊಂಡಿದ್ದೆ ಕಣ್ರೀ."