ಶೇಖರಪ್ಪ ಕಾಕಾ ರಿಜೆಕ್ಟ್ ಮಾಡಿದ ಗುಂಡು

ಲಂಡನ್ನಿನ ಹೇಸ್‌ನಲ್ಲಿ ನಾನು ಬಾಡಿಗೆಗಿರುವ ಮನೆಯಲ್ಲಿ ದುಂಡಗಿನ ಚಪಾತಿಯನ್ನು ಯಾರೂ ಕಂಡಿಲ್ಲ. ಮನೆಯ ಯಜಮಾನ ಶೇಖರಪ್ಪ ಕಾಕಾಗೆ ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿ ಕೆಲಸ. ಚಪಾತಿ ಸಾಗುವ ಬೆಲ್ಟಿನ ಪಕ್ಕ ನಿಂತು, ಸೊಟ್ಟಗಾದದ್ದನ್ನು ಎತ್ತಿ, "ರಿಜೆಕ್ಟ್" ಎಂದು ಬದಿಗೆ ಹಾಕಬೇಕು. ಹಾಗೆ ಹಾಕಿದ್ದು ಸಂಜೆ ಚೀಲದಲ್ಲಿ ಮನೆಗೆ ಬರುತ್ತದೆ. ಆಸ್ಟ್ರೇಲಿಯಾದಂಥದ್ದು, ಬೂಟಿನಂಥದ್ದು, ಒಮ್ಮೆ ಥೇಟ್ ನನ್ನ ಮ್ಯಾನೇಜರನ ಗಡ್ಡದಂಥದ್ದು, ಎಲ್ಲವನ್ನೂ ತಿಂದಿದ್ದೇನೆ. ನಾನೂ ತಪ್ಪು ಹುಡುಕುವ ಕೆಲಸದವನೇ, ಸಾಫ್ಟ್‌ವೇರ್ ಟೆಸ್ಟರ್. ವ್ಯತ್ಯಾಸ ಇಷ್ಟೇ: ನಾನು ಎಲ್ಲವನ್ನೂ ಪಾಸ್ ಮಾಡಿ ಹೊತ್ತಿಗೆ ಸರಿಯಾಗಿ ಲ್ಯಾಪ್‌ಟಾಪ್ ಮುಚ್ಚುತ್ತೇನೆ.

ಕಾಕಾ ಬೈಲಹೊಂಗಲ ಕಡೆಯ ಲಿಂಗಾಯತರು. ಸ್ನಾನದ ಮನೆಯಲ್ಲಿ ಜೇಡ ಕಂಡರೆ ಲೋಟದಲ್ಲಿ ಹಿಡಿದು, ಹಿತ್ತಲಿಗೆ ಬಿಟ್ಟು, "ಹೋಗಿ ಬಾ" ಅನ್ನುವವರು. ಅಂಥವರು ಬೇಟೆಯ ಬಂದೂಕು ಕೊಂಡರು.

ಕಾರಣ ಮೊಮ್ಮಗಳು ನೇತ್ರಾ. ಪಕ್ಕದ ಬೀದಿಯಲ್ಲಿರುವ ಮಗನ ಮಗಳು, ಹನ್ನೊಂದು ವರ್ಷ. ಗೆಳತಿಯ ಜೊತೆ ಏರ್ ರೈಫಲ್ ಕ್ಲಬ್ಬಿಗೆ ಹೋದವಳು ಅಲ್ಲೇ ಅಂಟಿಕೊಂಡಳು. ಕ್ಲಬ್ಬಿನ ಜೂನಿಯರ್ ತಂಡ ಸೇರುವುದು ಅವಳ ಆಸೆ. ಅದಕ್ಕೊಂದು ಪರೀಕ್ಷೆ: ಐದು ಗುಂಡು, ಐದೂ ಕಪ್ಪು ವೃತ್ತದೊಳಗೆ ಬೀಳಬೇಕು. ಗೆರೆ ಮುಟ್ಟಿದರೂ ನಡೆಯುತ್ತದೆ, ಹೊರಗೆ ಹೋದರೆ ಮತ್ತೆ ಮುಂದಿನ ವರ್ಷವೇ.

ಅವಳ ಅಭ್ಯಾಸಕ್ಕೆ ಏರ್ ಬಂದೂಕು ಕೊಳ್ಳಲು ನನ್ನ ಕಾರಿನಲ್ಲೇ ಹೋದೆವು. ಅಂಗಡಿಯವನು, "ಏನನ್ನು ಬೇಟೆಯಾಡುತ್ತೀರಿ, ಮೊಲವೋ ಪಾರಿವಾಳವೋ?" ಎಂದು ಕೇಳಿದ.

"ಪೇಪರ್," ಅಂದರು ಕಾಕಾ.

ಅವನು ನನ್ನ ಕಡೆ ನೋಡಿದ. "ಸಸ್ಯಾಹಾರಿ," ಅಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ, ಆದರೂ ಮಾರಿದ.

ಗುಂಡಿನ ಆಯ್ಕೆ ಮಾತ್ರ ಮದುವೆ ಮಾತುಕತೆಯಷ್ಟು ದಿನ ಹಿಡಿಯಿತು. ಕಡಲೆ ಗಾತ್ರದ ಸೀಸದ ಗುಂಡುಗಳಲ್ಲಿ ಮೂರು ಜಾತಿ: ಚೂಪು ಮೂತಿಯವು, ದುಂಡು ಮೂತಿಯವು, ಚಪ್ಪಟೆ ಮೂತಿಯವು. ಚೂಪಾದದ್ದೇ ನೇರ ಹೋಗುವುದು ಎಂದು ನಾನು ಬಹಳ ತಿಳಿದವನಂತೆ ಹೇಳಿದೆ. ಉದಾಹರಣೆಗೆ ರಾಕೆಟ್ಟನ್ನೂ ಎಳೆದು ತಂದೆ. ಕಾಕಾ ಕ್ಲಬ್ಬಿನಲ್ಲಿ ಮೂರನ್ನೂ ಹೊಡೆದು, ಕಾಗದ ತಂದು ಅಡುಗೆಮನೆಯ ದೀಪದ ಕೆಳಗೆ ಹಿಡಿದರು.

"ನಿನ್ನ ರಾಕೆಟ್ ನೋಡ್ ಬಾ ತಮ್ಮಾ. ಚೂಪಂದು ಕಾಗದಾ ಹರಿದೈತಿ, ಇಲಿ ಕಡದಂಗ. ಚಪ್ಪಟಂದು ನೋಡು, ಪಂಚ್ ಮಷಿನ್‌ದಾಗ ಹೊಡದಂಗ ದುಂಡಗೈತಿ. ತೂತು ದುಂಡಗಿದ್ರ ಲೆಕ್ಕಕ್ಕ ಜಗಳಿಲ್ಲ."

"ಹಾಗಾದ್ರೆ ಚಪ್ಪಟೆ ಯಾವ ಕಂಪನಿದಾದ್ರೂ ಆಗುತ್ತಲ್ಲ ಕಾಕಾ?"

"ಹಂಗ್ಯಾಂಗ ಆಗತೈತಿ? ಒಂದೊಂದು ನಳಿಗಿಗೆ ಒಂದೊಂದು ಗುಂಡು ಕೂಡತೈತಿ. ಜಾತಕ ನೋಡಬೇಕು."

ಹೀಗೆ ಜಾತಕ ಕೂಡಿದ ಡಬ್ಬಿ ಮನೆಗೆ ಬಂತು. ಕಾಕಾ ಅದನ್ನು ಮೊರದಲ್ಲಿ ಹರಡಿ, ಜೋಳ ಹಸನು ಮಾಡುವಂತೆ ಒಂದೊಂದೇ ಗುಂಡು ಉರುಳಿಸಿ, ಅಂಚು ನೆಗ್ಗಿದ್ದನ್ನು ರಿಜೆಕ್ಟ್ ಮಾಡತೊಡಗಿದರು. ಗುರುದೇವಿ ಕಾಕಿ ಒಳಗಿಂದ ಬಂದು ನೋಡಿದರು.

"ಸೀಸಾ ನನ್ನ ಮರದಾಗ ಹಾಕೀರಿ?"

"ತೊಳದ ಕೊಡತೇನಿ."

"ಕೊಡಬ್ಯಾಡ್ರಿ. ಇವತ್ತಿನಿಂದ ಆ ಮರ ನಿಮ್ದ. ಕೈ ತೊಳಕೊಂಡ ಮ್ಯಾಲೆ ಊಟ, ಇಲ್ಲಾಂದ್ರ ನಿಮ್ಮನ್ನ ರಿಜೆಕ್ಟ್ ಮಾಡತೇನಿ."

ಪಾಠ ಶುರುವಾದದ್ದು ಪೊರಕೆಯಿಂದ. ನೇತ್ರಾ ಹಾಲಿನ ಕಾರ್ಪೆಟ್ ಮೇಲೆ ಬೋರಲು ಮಲಗಿ, ಪೊರಕೆಯ ಹಿಡಿಯನ್ನು ಭುಜಕ್ಕೆ ಒತ್ತಿ, ಫ್ರಿಜ್ ಮೇಲಿನ ನಿಂಬೆಹಣ್ಣಿಗೆ ಗುರಿ ಹಿಡಿಯಬೇಕು. ಒಮ್ಮೆ ಪೊರಕೆ ಕಾಕಿಯ ಕಡೆ ತಿರುಗಿತು. ಕಾಕಾ ಪಾಠ ನಿಲ್ಲಿಸಿಬಿಟ್ಟರು.

"ಬಾರಿಗಿ ಇರಲಿ, ಬಂದೂಕ ಇರಲಿ, ಮನಷ್ಯಾರ ಕಡೆ ಮೂತಿ ತಿರಗಬಾರ್ದು. ಹೊಡಿಯೂತನಕಾ ಟ್ರಿಗರ್ ಕುದುರಿ ಮ್ಯಾಲೆ ಬೆರಳ ಇಡಬಾರ್ದು."

"ಅಜ್ಜ, ಇಟ್ಸ್ ಎ ಬ್ರೂಮ್."

"ಬಾರಿಗ್ಯಾಗ ಕಲೀಲಾರದ್ದು ಬಂದೂಕದಾಗ ಬರಾಂಗಿಲ್ಲವ್ವಾ. ಉಸರ ತಗೋ, ಅರ್ಧಾ ಬಿಡು. ಉಬ್ಬಿದ ಚಪಾತಿ ಇಳೀತೈತಲ್ಲಾ, ಹಂಗ ಸಾವಕಾಶ."

ಕ್ಲಬ್ಬಿನಲ್ಲಿ ನನಗೂ ಒಂದು ಅವಕಾಶ ಕೊಟ್ಟರು. ನನ್ನ ಕಾಗದ ಹೊಸದರಂತೆಯೇ ವಾಪಸ್ ಬಂತು. ಪಕ್ಕದ ಲೇನಿನ ಮುದುಕರ ಕಾಗದದಲ್ಲಿ ಮಾತ್ರ ಅವರು ಆ ದಿನ ಹೊಡೆದದ್ದಕ್ಕಿಂತ ಹೆಚ್ಚು ತೂತುಗಳಿದ್ದವು, ಅವರು ನನಗೆ ಟೀ ಕೊಡಿಸಿದರು. ಅಂದಿನಿಂದ ನಾನು ಡ್ರೈವರ್.

ಪರೀಕ್ಷೆ ಬಿದ್ದದ್ದು ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ. ಈ ಮನೆಯಲ್ಲಿ ಆ ದಿನ ಮಿಕ್ಸರ್, ಇಸ್ತ್ರಿ, ಸ್ಕ್ರೂಡ್ರೈವರ್ ಎಲ್ಲವೂ ದೇವರ ಮುಂದೆ ಕೂರುತ್ತವೆ. ಒಮ್ಮೆ ಪೂಜೆಗೆ ಕೂತದ್ದನ್ನು ಮರುದಿನ ದಸರೆಯ ಬನ್ನಿ ಎಲೆ ಕೊಡುವ ತನಕ ಯಾರೂ ಮುಟ್ಟುವಂತಿಲ್ಲ. ಇದು ಕಾಕಾರ ಕಾಯ್ದೆ. ಹಿಂದಿನ ವರ್ಷ ಆಫೀಸಿನ ಕಾಲ್ ಬಂತೆಂದು ನಾನು ಹೂವಿನ ಕೆಳಗಿಂದ ಲ್ಯಾಪ್‌ಟಾಪ್ ಎಳೆದದ್ದಕ್ಕೆ, ದೀಪಾವಳಿ ಬರುವವರೆಗೂ ಅವರಿಂದ ಬುದ್ಧಿಮಾತು ಕೇಳಿದ್ದೆ.

ಸಂಜೆಯ ಪರೀಕ್ಷೆಗೆ ದೇವರ ಆಶೀರ್ವಾದ ಇರಲಿ ಎಂದು ಕಾಕಾ ಬೆಳಿಗ್ಗೆಯೇ ಬಂದೂಕನ್ನು ಕಪಾಟಿನಿಂದ ತೆಗೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕೂರಿಸಿದರು. ಪಕ್ಕದಲ್ಲಿ ಗುಂಡಿನ ಡಬ್ಬಿ. ಬೀಗದ ಹೊರಗಿದೆಯೆಂದು ಅದರ ಪಕ್ಕದಲ್ಲೇ ಕಾವಲು ಕೂತರು. ನನ್ನ ಕಾರಿಗೂ ಪೂಜೆಯಾಯಿತು. ಮಧ್ಯಾಹ್ನ ನೇತ್ರಾ ಬ್ಯಾಗ್ ಹಾಕಿಕೊಂಡು ಬಂದು, "ಅಜ್ಜ, ರೆಡಿ?" ಅಂದಳು.

ಆಗ ಕಾಕಾಗೆ ಹೊಳೆಯಿತು. ನನಗೂ ಆಗಲೇ. ನನ್ನವು ಮೂರು ಡಿಗ್ರಿ, ಅವರದೊಂದು ಚಪಾತಿ ಫ್ಯಾಕ್ಟರಿ, ಒಬ್ಬರಿಗೂ ಮೊದಲು ತಲೆಗೆ ಬಂದಿರಲಿಲ್ಲ.

ಕಾಕಾ ಬಂದೂಕನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಕೊನೆಗೆ ಹೆಂಡತಿಯನ್ನು ನೋಡಿದರು.

"ನನ್ನ ನೋಡಬ್ಯಾಡ್ರಿ, ಕಾಯ್ದೆ ನಿಮ್ದ," ಅಂದರು ಕಾಕಿ.

"ಸಣ್ಣ ಹುಡುಗಿ ಮುಟ್ಟಿದ್ರ..."

"ಹ್ವಾದ ವರ್ಷ ಈ ಯಶಸ್ ಲ್ಯಾಪ್‌ಟಾಪ್ ಮುಟ್ಟಿದಾಗ ಏನಂದ್ರಿ?"

ನಾನು ಚಾವಣಿ ನೋಡುತ್ತ ನಿಂತೆ. ಬಹಳ ಸುಖವಾಗಿತ್ತು.

"ಇಟ್ಸ್ ಓಕೆ ಅಜ್ಜ," ಅಂದಳು ನೇತ್ರಾ. "ಐ ವಿಲ್ ಯೂಸ್ ದ ಕ್ಲಬ್ಸ್ ರೈಫಲ್." ಬ್ಯಾಗಿನ ಪಟ್ಟಿಯನ್ನು ಮತ್ತೊಮ್ಮೆ ಬಿಗಿ ಮಾಡಿಕೊಂಡಳು.

ಬಂದೂಕಿನ ಕಾವಲಿಗೆ ಕಾಕಿ ಉಳಿದರು. ಕಾರೂ ಪೂಜೆಯಲ್ಲಿದ್ದುದರಿಂದ ನಾವು ಮೂವರೂ ಬಸ್ಸಿನಲ್ಲಿ ಹೋದೆವು.

ಕ್ಲಬ್ಬಿನ ಬ್ರೆಂಡಾ ಎಂಬ ಹೆಂಗಸು ಮಕ್ಕಳಿಗೆ ಪರೀಕ್ಷೆ ನಡೆಸುವವರು. ಅವರು ಕ್ಲಬ್ಬಿನ ಬಂದೂಕು, ಕ್ಲಬ್ಬಿನ ಗುಂಡು ಕೊಟ್ಟರು. ಡಬ್ಬಿ ತೆರೆದ ಕಾಕಾರ ಮುಖ ಸಪ್ಪಗಾಯಿತು. ಎಲ್ಲವೂ ಚೂಪು ಮೂತಿ.

ನೇತ್ರಾ ಮಲಗಿದಳು. ಉಸಿರು ತೆಗೆದುಕೊಂಡು ಅರ್ಧ ಬಿಟ್ಟಳು. ಕಾಕಾ ಗೋಡೆಯ ಕಡೆ ತಿರುಗಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಅಲ್ಲಿ ಅಂಟಿಸಿದ್ದ ಸೂಚನೆ ಓದತೊಡಗಿದರು. ಐದು ಸಲ ಟಪ್ ಎಂದಿತು.

ನಾಲ್ಕು ತೂತು ಕಪ್ಪಿನೊಳಗೆ ಸ್ಪಷ್ಟವಾಗಿದ್ದವು. ಐದನೆಯದು ಗೆರೆಯ ಮೇಲೋ, ಹೊರಗೋ ತಿಳಿಯದಂತೆ ಹರಿದಿತ್ತು, ಇಲಿ ಕಡಿದಂತೆ. ಬ್ರೆಂಡಾ ಕನ್ನಡಕ ಏರಿಸಿದರು, ಇಳಿಸಿದರು. ಆಮೇಲೆ, ತೂತಿನ ಜಗಳ ಬಂದಾಗಲೆಲ್ಲ ಕಾಕಾರನ್ನೇ ಕೇಳುವ ಅಭ್ಯಾಸದಿಂದಲೇ ಇರಬೇಕು, ಕಾಗದವನ್ನು ಕಾಕಾರ ಮುಂದೆ ಹಿಡಿದು, "ನಿಮಗೇನನ್ನಿಸುತ್ತೆ, ಶೆಕ್?" ಅಂದರು. ಶೇಖರಪ್ಪ ಎನ್ನಲು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ.

ನಾನಾಗಿದ್ದರೆ ಕಣ್ಣು ಮುಚ್ಚಿ ಪಾಸ್ ಮಾಡುತ್ತಿದ್ದೆ, ಸಂಬಳ ತೆಗೆದುಕೊಳ್ಳುವುದೇ ಅದಕ್ಕೆ. ಕಾಕಾ ಕಾಗದವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ಬೆಲ್ಟಿನ ಪಕ್ಕ ನಿಂತ ಅದೇ ದನಿಯಲ್ಲಿ, "ರಿಜೆಕ್ಟ್," ಅಂದರು.

ಅಂದ ಮೇಲೆ ಏನಂದೆನೆಂದು ಅವರಿಗೇ ಗೊತ್ತಾಯಿತು. ನೇತ್ರಾ ಎದ್ದು ಕೂತು ಅವರನ್ನೇ ನೋಡುತ್ತಿದ್ದಳು.

"ಅಜ್ಜ."

"ಕಣ್ಣಿಗೆ ಹಂಗ ಕಂಡ್ತವ್ವಾ," ಅಂದರು. ದನಿ ಬಹಳ ಸಣ್ಣದಾಗಿತ್ತು.

ಬ್ರೆಂಡಾ ಡ್ರಾಯರಿನಿಂದ ಒಂದು ಹಿತ್ತಾಳೆಯ ಮೊಳೆಯಂಥದ್ದನ್ನು ತಂದು ತೂತಿಗೆ ನಿಧಾನ ಇಳಿಸಿದರು. ಗುಂಡಿನ ನಿಜವಾದ ಅಗಲ ತೋರಿಸುವ ಅಳತೆಗೋಲದು. ಭೂತಗನ್ನಡಿ ಹಿಡಿದು ಬಗ್ಗಿದರು. ನಾನು ಉಸಿರು ಅರ್ಧ ಬಿಟ್ಟು ನಿಂತಿದ್ದೆ, ನನಗೆ ಯಾರೂ ಕಲಿಸಿರಲಿಲ್ಲ.

"ಗೆರೆ ಮುಟ್ಟಿದೆ," ಅಂದರು. "ಇನ್."

ವಾಪಸ್ ಬಸ್ಸಿನಲ್ಲಿ ನೇತ್ರಾ ನನ್ನ ಪಕ್ಕ ಕೂತಳು. ಕಾಕಾ ಹಿಂದಿನ ಸೀಟಿನಲ್ಲಿ ತಮ್ಮಷ್ಟಕ್ಕೆ, "ಚಪ್ಪಟಂದು ಇದ್ದಿದ್ರ ಈ ತ್ರಾಸ ಇರಲಿಲ್ಲ," ಎಂದು ಹೇಳುತ್ತಲೇ ಇದ್ದರು. ಯಾರೂ ತಿರುಗಲಿಲ್ಲ.

ಮರುದಿನ ಬನ್ನಿ. ವೆಂಬ್ಲಿಯ ಅಂಗಡಿಯಿಂದ ತಂದ ಒಣಗಿದ ಎಲೆಗಳನ್ನು ಕೊಟ್ಟು, ಕಾಲು ಮುಟ್ಟಿ, ಬಂಗಾರದಂತಿರೋಣ ಎಂದು ಹೇಳಿಕೊಂಡೆವು. ನೇತ್ರಾ ಕೊನೆಗೆ ಬಂದು ಅಜ್ಜನಿಗೆ ಕೈ ಚಾಚಿದಳು. ಅಂಗೈಯಲ್ಲಿ ಒಂದೇ ಎಲೆ, ಅಂಚು ಮುರಿದದ್ದು.

"ಚೆಕ್ ಮಾಡಿ ಅಜ್ಜ," ಅಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಕಾಕಾ ಎಲೆಯನ್ನು ಬೆಳಕಿಗೆ ಹಿಡಿಯಲು ಹೋದರು. ಕಾಕಿ ಕೆಮ್ಮಿದರು. ಕಾಕಾ ಕೈ ಇಳಿಸಿ, ನೋಡದೆಯೇ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

"ಪಾಸ್," ಅಂದರು.