ಮರೆವಿನ ಮದ್ದಿನ ಪಕ್ಕ ಮುನಿಯಕ್ಕ

ಪೀಣ್ಯದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು, ದಿನದ ಮೊದಲ ರೈಲು ಇನ್ನೂ ಬಂದಿಲ್ಲ. ಕೈಗಾಯಗಳಿಗೇ ಹೆಸರಾದ ಸಣ್ಣ ಆಸ್ಪತ್ರೆಯೊಂದರ ಒಳಕೋಣೆಯಲ್ಲಿ ಆಯಾ ಮುನಿಯಕ್ಕ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. "ತಣ್ಣನ್ ಕೈಲಿ ಇಡ್ಕಂಡ್ರೆ ಇನ್ನೂ ಎದ್ರ್ಕತಾರೆ."

ಮಂಚದ ಮೇಲೆ ಸುರಪುರ ಕಡೆಯ ರೇವಣಸಿದ್ದ. ನಿನ್ನೆ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರ ಅವನ ಬಲಗೈಯ ಎರಡು ಬೆರಳುಗಳನ್ನು ಜಜ್ಜಿದೆ. (ಇಲ್ಲಿನ ಹೆಸರುಗಳೆಲ್ಲ ಬೇರೆ, ಬರೆಯಲು ಬಂದ ನನಗೆ ಮುನಿಯಕ್ಕ ಹಾಕಿದ ಶರತ್ತು ಅದು.)

"ಯಕ್ಕಾ, ನಾ ಮಲಗಿದ ಮ್ಯಾಲ ಬೆರಳು ತಗದ್ಬಿಡ್ತಾರೇನು?"

"ತಗ್ಯಕ್ಕಲ್ಲ ಕಣಪ್ಪ, ಸೇರ್ಸಕ್ಕೆ. ಆ ಕೈ ಇಲ್ಲಿ ಕೊಡು."

ಅರಿವಳಿಕೆ ತಜ್ಞೆ ಡಾ. ವೇಣಿ ಮಿಡಜೋಲಾಮ್ ಕೊಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಭಯ ಇಳಿಸಿ ಮಂಪರು ತರುವ ಮದ್ದು. ಇದು ಕೆಲವರ ನಾಲಗೆಯನ್ನು ಸಡಿಲ ಮಾಡುತ್ತದೆ. ಆ ಹೊತ್ತಿನಲ್ಲಿ ಆಡಿದ್ದು, ಕಂಡದ್ದು ಆಮೇಲೆ ಬಹುತೇಕ ನೆನಪಿರುವುದಿಲ್ಲ. ವೈದ್ಯರ ಕಣ್ಣು ಮಾನಿಟರಿನ ಮೇಲೆ. ಮಾತು ಬೀಳುವುದು ಮುನಿಯಕ್ಕನ ಕಿವಿಗೆ. ಅಷ್ಟರಲ್ಲಿ ಹೊರಗೆ ಬಂದು ನಿಂತ ನನಗೆ ಬಾಗಿಲ ಗಾಜಿನಾಚೆಗೆ ಕಾಣುವುದು ರೇವಣಸಿದ್ದನ ತುಟಿ ಅಲುಗುವುದಷ್ಟೇ.

ಮುನಿಯಕ್ಕ ಇಲ್ಲಿಯವರೇ. ಅಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ಕಾರ್ಖಾನೆ ಶೆಡ್ಡುಗಳು. ಗಂಡ ತೀರಿಕೊಂಡ ವರ್ಷ ಆಸ್ಪತ್ರೆಗೆ ಕಸ ಗುಡಿಸಲು ಬಂದವರು, ಅಳುತ್ತಿದ್ದ ಒಬ್ಬ ವೆಲ್ಡರ್‌ನ ಕೈ ಹಿಡಿದರು. ಅಂದಿನಿಂದ ಅದೇ ಕೆಲಸ. ದಿನಕ್ಕೆ ನಾಲ್ಕೈದು ಕೈಗಳು. ಆಮೇಲೆ ಮುನಿಯಕ್ಕನನ್ನು ಗುರುತಿಸುವವರು ಕಡಿಮೆ.

"ಮೊನ್ನೆ ದಾಸ್ರಳ್ಳಿ ಬಸ್ನಾಗೆ ಒಬ್ಬಯ್ಯ, 'ಸರ್ಕಂಡ್ ಕೂತ್ಕಳಮ್ಮ' ಅಂತ ರೇಗ್ದ. ಓದ್ ತಿಂಗ್ಳು ನನ್ ಕೈ ಇಡ್ಕಂಡು 'ಅವ್ವಾ' ಅಂತ ಅತ್ತೋನು. ಸರ್ಕಂಡೆ."

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಕಾರ್ಖಾನೆಯ ಸೂಪರ್‌ವೈಸರ್ ಬರುತ್ತಾನೆ. ಯಂತ್ರದ ಮುಂದಿನ ರಕ್ಷಣಾ ಜಾಲರಿ ಬಿಚ್ಚಿದವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ರೇವಣಸಿದ್ದನೇ ಎಂದಾದರೆ ಕೆಲಸವೂ ಹೋದೀತು, ಪರಿಹಾರವೂ.

"ಅಕ್ಕ, ಮಂಪರಲ್ಲಿ ಜಾಲರಿ ವಿಷ್ಯ ಏನಾದ್ರೂ ಬಾಯ್ಬಿಟ್ನಾ?"

"ಬಾಯ್ ಬಿಟ್ಟ ಕಣಣ್ಣ. ಅವ್ರ ಮನೆ ಎಮ್ಮೆ ವಿಷ್ಯ. ಕರಾನೇ ಅತ್ರ ಸೇರ್ಸಲ್ವಂತೆ, ಒದೀತದಂತೆ."

"ಬರೀ ಎಮ್ಮೆನಾ?"

"ದೊಡ್ ಎಮ್ಮೆ."

ಅವನು ಗೊಣಗುತ್ತ ಮೆಟ್ಟಿಲಿಳಿಯುತ್ತಾನೆ. ರೇವಣಸಿದ್ದ ನಿಜಕ್ಕೂ ಏನು ಹೇಳಿದ ಎಂದು ನಾನೂ ಕೇಳುತ್ತೇನೆ. ನನಗೂ ಅದೇ ಎಮ್ಮೆ. ಈ ಸಲ ಅದಕ್ಕೆ ಒಂದು ಕೊಂಬು ಮುರಿದಿದೆ.

ಮಧ್ಯಾಹ್ನ ರೇವಣಸಿದ್ದನಿಗೆ ಪೂರ್ತಿ ಎಚ್ಚರವಾಗುತ್ತದೆ. ಎರಡೂ ಬೆರಳು ಉಳಿದಿವೆ. ಬ್ಯಾಂಡೇಜಿನ ತುದಿಯಲ್ಲಿ ಕಾಣುವ ಉಗುರುಗಳನ್ನೇ ನೋಡುತ್ತಿದ್ದವನು ಹೊದಿಕೆ ಸರಿಪಡಿಸುವ ಹೆಂಗಸಿನತ್ತ ತಿರುಗುತ್ತಾನೆ. "ಇಂಜೆಕ್ಷನ್ ಕೊಡೂಮುಂದ ಕೈ ಹಿಡಿದಾಕಿ ನೀವಲ್ಲೇನ್ರಿ? ಆಮ್ಯಾಲ ನಾ ಏನರ ಮಾತಾಡಿದ್ನೇನು?"

"ಏನಿಲ್ಲ ಕಣಪ್ಪ. ಗೊರಕೆ ಒಡ್ದೆ."

ಮನೆಯ ಎಮ್ಮೆ ಹೇಗಿದೆ ಎಂದು ನಾನು ವಿಚಾರಿಸುತ್ತೇನೆ. ಅವನು ಗಲಿಬಿಲಿಗೊಳ್ಳುತ್ತಾನೆ. "ಎಮ್ಮಿ? ನಮ್ಮನ್ಯಾಗ ಎಮ್ಮಿ ಎಲ್ಲಿಂದ ಬರಬೇಕ್ರೀ?"

ಮುನಿಯಕ್ಕ ಆಗಲೇ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾರೆ. ನನ್ನನ್ನು ಕಂಡು ಸೆರಗಿನಲ್ಲಿ ಒರೆಸಿಕೊಂಡು ನೆಟ್ಟಗೆ ನಿಲ್ಲುತ್ತಾರೆ.

"ಅವ್ರಿಗೆ ಮರ್ಯಕ್ಕೆ ಇಂಜೆಕ್ಸನ್ ಐತೆ. ನಂಗ್ಯಾರ್ ಕೊಡ್ತಾರೆ? ಅದ್ಕೇ ನಾನು ಎಮ್ಮೆ ಸಾಕ್ಕಂಡಿವ್ನಿ."