ಉಷ್ಣವಲ್ಲ ಎಂದ ಡಾಕ್ಟರು

ಡಾಕ್ಟರ ಬಲಗೈ ತೋರುಬೆರಳಿನ ಉಗುರು ಮಾಂಸದ ಅಂಚು ದಾಟಿ ಒಂದು ನೂಲಿನಷ್ಟೂ ಮುಂದೆ ಬಂದದ್ದನ್ನು ನಾನು ಕಂಡಿಲ್ಲ. ಉಳಿದ ಒಂಬತ್ತು ಬೆರಳುಗಳು ಸಾಮಾನ್ಯ ಮನುಷ್ಯನವು. ಇದೊಂದು ಮಾತ್ರ ದಿನಾ ಕತ್ತರಿಸಿಕೊಂಡು, ಉಜ್ಜಿಸಿಕೊಂಡು, ಪೂಜೆಗೆ ಹೊರಟ ಭಟ್ಟರಷ್ಟು ಮಡಿಯಾಗಿ ಕುಂದಾಪುರದ ಆ ಕ್ಲಿನಿಕ್ಕಿಗೆ ಬರುತ್ತಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಸಮಸ್ತ ಗುದದ್ವಾರಗಳೂ ಅದರ ಅಧಿಕಾರವ್ಯಾಪ್ತಿಗೆ ಸೇರಿದ್ದವು.

ನಮ್ಮ ಕಡೆ ಆ ಜಾಗದ ಕಾಯಿಲೆಗಳಿಗೆಲ್ಲ ಒಂದೇ ಹೆಸರು: ಉಷ್ಣ. ಉರಿದರೆ ಉಷ್ಣ, ಕೆರೆದರೆ ಉಷ್ಣ, ರಕ್ತ ಬಿದ್ದರೆ ಜೋರು ಉಷ್ಣ. ಕೋಳಿ ಬಿಟ್ಟು ಒಂದೆಲಗದ ತಂಬುಳಿ ಉಂಡರೆ ಚಿಕಿತ್ಸೆ ಮುಗಿಯಿತು.

ನಾನೂ ಮೂರು ತಿಂಗಳು ಹಾಗೇ ಉಂಡೆ. ಬಸ್ರೂರಿನ ಜವಳಿ ಅಂಗಡಿಯಲ್ಲಿ ಕೂರುವುದೇ ನನ್ನ ಕಸುಬು. ಗಾಜಿನ ಚೂರು ಹೊರಬಿದ್ದಂಥ ನೋವಿನಿಂದ ಕೂರುವ ಯೋಗ್ಯತೆಯೇ ಹೋದಾಗ ಅವರ ಮುಂದೆ ನಿಂತು, ಸ್ವಲ್ಪ ಉಷ್ಣ, ಮಾತ್ರೆ ಕೊಟ್ಟರೆ ಸಾಕು ಎಂದೆ.

"ಕಾಣದ್ದೆ ಮದ್ದ್ ಕೊಡುಕೆ ನಾನ್ ಪಾತ್ರಿ ಅಲ್ಲ ಮಾರಾಯ್ರೆ" ಎಂದರು. ಮೈಮೇಲೆ ದೈವ ಬರಿಸಿಕೊಳ್ಳುವ ಪಾತ್ರಿಗಾದರೆ ಪರೀಕ್ಷೆಯ ಅಗತ್ಯವಿಲ್ಲ. "ಅಡ್ಡ ಮನಿಕಣಿ."

ಮಗ್ಗುಲಾಗಿ ಮಲಗಿದೆ. ಎರಡೇ ನಿಮಿಷ. ಮೂಲವ್ಯಾಧಿಯಲ್ಲ, ಬಿರುಕು ಎಂದು ತೀರ್ಪಾಯಿತು. ಬೆಳಿಗ್ಗೆ, ಸಂಜೆ ಟಬ್ಬಿನ ಬಿಸಿನೀರಲ್ಲಿ ಕೂರುವುದು, ಮುಲಾಮು ಹಚ್ಚುವುದು, ಸೊಪ್ಪು ತರಕಾರಿ, ಬೇಕಾದಷ್ಟು ನೀರು. ಕಕ್ಕಸಿನಲ್ಲಿ ಕೂತು ತಿಣುಕಬಾರದು. ಪೇಪರ್ ಓದಲು ಮನೆಯಲ್ಲಿ ಬೇರೆ ಜಾಗವಿದೆ ಎಂಬುದನ್ನೂ ನೆನಪಿಸಿದರು. ಒಂದೂವರೆ ತಿಂಗಳಲ್ಲಿ ನಾನು ಪುನಃ ಗಾದಿಯೇರಿದೆ.

ಗುಣವಾದ ರೋಗಿಯಷ್ಟು ಅಪಾಯಕಾರಿ ವೈದ್ಯ ಇನ್ನೊಬ್ಬನಿಲ್ಲ. ಗಂಗೊಳ್ಳಿಯಲ್ಲಿ ಮೀನು ಏಲಂ ಕೂಗುವ ನನ್ನ ಅಣ್ಣ, ತನಗೂ ರಕ್ತ ಹೋಗುತ್ತದೆ, ಆದರೆ ನೋವಿಲ್ಲ ಎಂದ. ನೋವಿಲ್ಲದ ಮೇಲೆ ನನ್ನದಕ್ಕಿಂತ ಹಗುರದ್ದೇ ಎಂದು ನಿರ್ಣಯಿಸಿ ನಾನೇ ಟಬ್ ತಂದುಕೊಟ್ಟೆ. ನಾಲ್ಕು ತಿಂಗಳು ಅವನು ಶ್ರದ್ಧೆಯಿಂದ ಅದರಲ್ಲಿ ಕೂತ. ಅವನ ಅಂಗಿ ದೊಗಲೆಯಾಯಿತು. ಹೊಟ್ಟೆ ಕರಗಿತೆಂದು ಅಭಿನಂದಿಸಿದೆ.

ಈ ಸಾಧನೆಯನ್ನು ಡಾಕ್ಟರಿಗೆ ವರದಿ ಮಾಡಿದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಮೂಲವ್ಯಾಧಿ ಇಪ್ಪುಕೂ ಸಾಕ್, ಬೇರೆ ಎಂತಾರೂ ಇಪ್ಪುಕೂ ಸಾಕ್. ಕಾಣದ್ದೆ ಹೇಳುಕಾತ್ತಿಲ್ಲ. ನಾಳೆ ಕರ್ಕಂಡ್ ಬನ್ನಿ."

ಅಣ್ಣ ಬರಲಿಲ್ಲ. ಅರವತ್ತು ವರ್ಷ ಮುಚ್ಚಿಟ್ಟದ್ದನ್ನು ಈಗ ತೆರೆದು ತೋರಿಸುವುದಿಲ್ಲ ಎಂದ. ಡಾಕ್ಟರಿಗೆ ಸುದ್ದಿ ಮುಟ್ಟಿಸಿದೆ. ಮರು ಮಧ್ಯಾಹ್ನ ಡಾಕ್ಟರು ಕ್ಲಿನಿಕ್ ಮುಚ್ಚಿ, ಕೈಚೀಲ ಹಿಡಿದು ಗಂಗೊಳ್ಳಿಗೇ ಬಂದುಬಿಟ್ಟರು. ಮನೆಯಂಗಳಕ್ಕೆ ಬಂದವರನ್ನು ಹಿಂದೆ ಕಳಿಸುವಷ್ಟು ಅಣ್ಣ ಒರಟನಲ್ಲ. ಒಳಕೋಣೆಯ ಬಾಗಿಲು ಹಾಕಿಕೊಂಡರು.

ಡಾಕ್ಟರು ಹೊರಬಂದು ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕೈ ತೊಳೆದರು. ಬಿಂದಿಗೆ ಹಿಡಿದು ನೀರು ಹೊಯ್ಯುತ್ತಿದ್ದವನು ನಾನು.

"ಒಳ್ಗೆ ಗಂಟ್ ಇತ್ತ್. ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಯ್ಕ್."

ನಾಲ್ಕು ತಿಂಗಳು ದಂಡವಾದದ್ದು ನನ್ನಿಂದ ಎಂದೆ. ಇಲ್ಲ ಎನ್ನುವ ಉಪಚಾರದ ಮಾತು ಅವರಲ್ಲಿರಲಿಲ್ಲ. "ಹೌದ್. ಆದ್ರೆ ಹೊತ್ತ್ ಇನ್ನೂ ಮೀರ್ಲಿಲ್ಲ" ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು.

ಅದು ಕ್ಯಾನ್ಸರ್. ಆಪರೇಷನ್ ಆಯಿತು, ವರ್ಷವಿಡೀ ಔಷಧಿ ನಡೆಯಿತು. ಅಣ್ಣ ಬಂದರಿಗೆ ಮರಳಿ ಮೊದಲಿನ ದನಿಯಲ್ಲೇ ಏಲಂ ಕೂಗತೊಡಗಿದ.

ಹೋದ ವರ್ಷ ಡಾಕ್ಟರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಊರಿಗೆ ಊರೇ ಬಂದಿತ್ತು. ಅವರ ಸರಳತೆ, ಸಮಯಪಾಲನೆ, ಕೈಗುಣಗಳನ್ನು ಏಳು ಮಂದಿ ಕೊಂಡಾಡಿದರು. ಯಾವುದರ ಡಾಕ್ಟರು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಹೊರಗಿನವರು ಕೇಳಿದ್ದರೆ ಕಣ್ಣಿನ ವೈದ್ಯರೆಂದು ತಿಳಿಯುತ್ತಿದ್ದರು.

ಆಗ ಹಿಂದಿನ ಸಾಲಿನಿಂದ ಅಣ್ಣ ಎದ್ದ. ಅವನಿಗೆ ಮೈಕು ಬೇಕಾಗಲಿಲ್ಲ.

"ನಂಗ್ ಕುಂಡಿಯಂಗೆ ರಕ್ತ ಹೋತಿತ್ತ್. ಉಷ್ಣ ಅಂದೇಳಿ ಕೂಕಂಡಿದ್ದೆ. ಇವ್ರ್ ಮನಿಗ್ ಬಂದ್ ಕಾಣ್ದೇ ಇದ್ದಿದ್ರೆ, ನೀವೆಲ್ಲ ನನ್ ಪಟಕ್ಕೆ ಹೂಗ್ ಹಾಕಿ ಎಷ್ಟೋ ವರ್ಷ ಆಯ್ತಿತ್ತ್."

ಸಭೆ ನೆಲ ನೋಡಿತು. ಮುಗಿದ ಮೇಲೆ ಮೂವರು ಒಬ್ಬೊಬ್ಬರಾಗಿ ಅಣ್ಣನನ್ನು ಮರೆಗೆ ಕರೆದು ಏನೋ ಕೇಳಿದರು. ಅಣ್ಣ ಯಾರಿಗೂ ಮದ್ದು ಹೇಳಲಿಲ್ಲ. ಮರುದಿನ ಏಲಂ ಬಿಟ್ಟು, ಮೂವರನ್ನೂ ಒಂದೇ ರಿಕ್ಷಾದಲ್ಲಿ ಹತ್ತಿಸಿಕೊಂಡು ಕುಂದಾಪುರದ ಇನ್ನೊಬ್ಬ ಡಾಕ್ಟರ ಬಾಗಿಲಿಗೆ ಕರೆದೊಯ್ದ.